‘ಇಲ್ಲ’ ಅಂದದ್ದನ್ನು ಯಾರೂ ಬರೆದಿಡುವುದಿಲ್ಲ

(ಮಡಿಕೇರಿಯಲ್ಲಿ ಅಂಗಡಿ, ಬೇಕರಿ, ಹೋಂಸ್ಟೇ ನಡೆಸುವವರ ಮುಂದೆ ಆಡಿದ ಮಾತುಗಳು. ಬರಹಕ್ಕೆ ತರುವಾಗ ಅಲ್ಲಲ್ಲಿ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಕೊಡಗಿಗೆ ರೈಲಿಲ್ಲ. ಅಕ್ಕಿ, ಸಿಮೆಂಟ್, ಗೊಬ್ಬರ, ಔಷಧಿ ಏನೇ ಬರಲಿ, ರಸ್ತೆ ಮೇಲೆಯೇ ಬರಬೇಕು. ಮೈಸೂರು ಕಡೆಯದು ಕುಶಾಲನಗರ ದಾಟಿ, ಮಂಗಳೂರು ಕಡೆಯದು ಸಂಪಾಜೆ ಘಾಟಿ ಹತ್ತಿ, ಕೇರಳದ್ದು ಮಾಕುಟ್ಟದ ಕಾಡು ದಾಟಿ. ಗಿರಾಕಿಗಳ ಕಥೆಯೂ ಅಷ್ಟೇ. ಮೂರು ದಿನ ರಜೆ ಒಟ್ಟಿಗೆ ಬಂದರೆ ರಾಜಾಸೀಟ್ ಹತ್ತಿರ ಕಾರು ನಿಲ್ಲಿಸಲು ಜಾಗವಿರುವುದಿಲ್ಲ. ರಜೆ ಮುಗಿದ ಮಾರನೇ ದಿನ ಪೇಟೆಯೇ ಖಾಲಿ. ಮಾಲು ಬರುವುದು ಖಾತ್ರಿಯಿಲ್ಲ, ಕೊಳ್ಳುವವರು ಬರುವುದೂ ಖಾತ್ರಿಯಿಲ್ಲ. ಇವೆರಡರ ನಡುವೆ ಕೂತು ನೀವು ಪ್ರತಿ ವಾರ ಫೋನಿನಲ್ಲಿ ಒಂದು ಸಂಖ್ಯೆ ಹೇಳಲೇಬೇಕು. ಎಷ್ಟು ಕಳಿಸಲಿ ಅಂತ ಆ ಕಡೆಯವರು ಕೇಳುತ್ತಿರುತ್ತಾರೆ.

ಆ ಸಂಖ್ಯೆ ಬಾಯಿಗೆ ಬರುವ ಮೊದಲು ನಮ್ಮ ತಲೆಯಲ್ಲಿ ಏನು ನಡೆಯುತ್ತದೆ ಅನ್ನುವುದೇ ಇವತ್ತಿನ ಮಾತು. ಮಳೆ, ರಸ್ತೆ, ರಜೆ ಯಾವುದೂ ನಮ್ಮ ಕೈಯಲ್ಲಿಲ್ಲ. ನಷ್ಟ ಆದಾಗ ಅವನ್ನೇ ಬೈಯುತ್ತೇವೆ. ಆದರೆ ಅದರಲ್ಲಿ ಮಳೆಯಿಂದ ಆದದ್ದೆಷ್ಟು, ನಾವು ಆರ್ಡರ್ ಹಾಕುವ ರೀತಿಯಿಂದ ಆದದ್ದೆಷ್ಟು ಅಂತ ಬಿಡಿಸಿ ನೋಡುವವರು ಕಡಿಮೆ. ನನಗೆ ಅನ್ನಿಸುವುದನ್ನು ಮೊದಲೇ ಹೇಳಿಬಿಡುತ್ತೇನೆ. ಮಿಕ್ಕ ಮಾಲು ಕಣ್ಣಿಗೆ ಕಾಣುತ್ತದೆ. ಬರಿಗೈಲಿ ವಾಪಸ್ ಹೋದ ಗಿರಾಕಿ ಕಾಣುವುದಿಲ್ಲ. ನಮ್ಮ ಆರ್ಡರು ಕೆಡುವುದು ಹೆಚ್ಚಾಗಿ ಇಲ್ಲೇ.

ಒಂದು ಲೆಕ್ಕದಿಂದ ಶುರು ಮಾಡೋಣ. ಮೇ ತಿಂಗಳಲ್ಲಿ ಗಂಬೂಟ್ ತರಿಸಬೇಕು. ತೋಟದಲ್ಲಿ ಕೆಲಸ ಮಾಡುವವರಿಗೆ ಮಳೆಗಾಲದಲ್ಲಿ ಅದಿಲ್ಲದೆ ಆಗುವುದಿಲ್ಲ. ಒಂದು ಜೊತೆ ನಿಮಗೆ 300 ರೂಪಾಯಿಗೆ ಬೀಳುತ್ತದೆ, 450ಕ್ಕೆ ಮಾರುತ್ತೀರಿ ಅಂತ ಇಟ್ಟುಕೊಳ್ಳಿ. ಈ ಮಳೆಗಾಲಕ್ಕೆ 100ರಿಂದ 200 ಜೊತೆಯವರೆಗೆ ಎಷ್ಟು ಬೇಕಾದರೂ ಹೋಗಬಹುದು. ಎಲ್ಲ ಸಂಖ್ಯೆಗೂ ಒಂದೇ ಸಾಧ್ಯತೆ. ಎಷ್ಟು ತರಿಸುತ್ತೀರಿ?

ಸಭೆಯಲ್ಲಿ ಇದನ್ನು ಕೇಳಿದಾಗ ಜಾಸ್ತಿ ಜನ ಹೇಳಿದ್ದು 150. ಕೆಲವರು 130, 140 ಅಂದರು.

ಈಗ ಬಿಡಿಸಿ ನೋಡೋಣ. ಒಂದು ಜೊತೆ ಕಡಿಮೆ ಬಿದ್ದರೆ ಕೈತಪ್ಪುವ ಲಾಭ 150. ಒಂದು ಜೊತೆ ಮಿಕ್ಕರೆ ಆಗುವ ನಷ್ಟ ಎಷ್ಟು? ‘300 ರೂಪಾಯಿ ಕೂತುಬಿಡ್ತಲ್ಲ’ ಅಂತ ಅನ್ನಿಸುತ್ತದೆ. ಆದರೆ ಗಂಬೂಟ್ ಮೊಸರಲ್ಲ, ಹುಳಿಯಾಗುವುದಿಲ್ಲ. ಮುಂದಿನ ಜೂನ್‌ನಲ್ಲಿ ಮಾರಬಹುದು. ಒಂದು ವರ್ಷದ ಬಡ್ಡಿ, ಅಟ್ಟದ ಜಾಗ, ಇಲಿ ಕಡಿದು ಹಾಳಾಗುವ ಒಂದೆರಡು ಜೊತೆ ಎಲ್ಲ ಸೇರಿಸಿ, ಜೊತೆಗೆ 50 ರೂಪಾಯಿ ಅನ್ನಿ. ಕಡಿಮೆ ಬಿದ್ದರೆ 150, ಮಿಕ್ಕರೆ 50. ಎರಡೂ ಸೇರಿದರೆ 200. ಅದರಲ್ಲಿ 150 ಅಂದರೆ ಮುಕ್ಕಾಲು ಪಾಲು. ಒಂದು ಸಲ ಕಡಿಮೆ ಬಿದ್ದ ಪೆಟ್ಟು ಮೂರು ಸಲ ಮಿಕ್ಕ ಪೆಟ್ಟಿಗೆ ಸಮ. ಹಾಗಾಗಿ ನೂರರಲ್ಲಿ 75 ಮಳೆಗಾಲಕ್ಕೆ ಸಾಲುವಷ್ಟು ಮಾಲು ಇಡಬೇಕು. ನಮ್ಮ ಲೆಕ್ಕದಲ್ಲಿ ಅದು 175 ಜೊತೆ.

ಬ್ರೆಡ್ ನೋಡಿ. ಕೊಳ್ಳುವ ಬೆಲೆ 36, ಮಾರುವ ಬೆಲೆ 40, ಉಳಿದದ್ದನ್ನು ಕಂಪನಿ ವಾಪಸ್ ತಗೊಳ್ಳುವುದಿಲ್ಲ ಅನ್ನಿ. ಇದಕ್ಕೂ ಬೇಡಿಕೆ 100ರಿಂದ 200. ಕಡಿಮೆ ಬಿದ್ದರೆ ಹೋಗುವುದು 4 ರೂಪಾಯಿ, ಮಿಕ್ಕರೆ 36. ಅಂದರೆ ಹತ್ತರಲ್ಲಿ ಒಂದು ಪಾಲು. ತರಿಸಬೇಕಾದದ್ದು 110 ಮಾತ್ರ. ಬ್ರೆಡ್ಡಿಗೆ ಬಂದವರು ಮೊಟ್ಟೆ, ಬೆಣ್ಣೆ ಕೂಡ ಒಯ್ಯುತ್ತಾರೆ, ಆ ಲಾಭವೂ ಹೋಗುತ್ತದಲ್ಲ ಅಂತ ಒಬ್ಬರು ಕೇಳಿದರು. ಸರಿಯಾದ ಮಾತು. ಅದನ್ನೂ ಸೇರಿಸಿದರೆ ಸಂಖ್ಯೆ ಮೇಲೆ ಹೋಗುತ್ತದೆ. ಸೇರಿಸಿ, ಆದರೆ ಎಷ್ಟು ಅಂತ ಲೆಕ್ಕ ಹಾಕಿ ಸೇರಿಸಿ. ‘ಗಿರಾಕಿ ಬೇಜಾರು ಮಾಡ್ಕೋತಾರೆ’ ಅಂತ ಸುಮ್ನೆ ಎರಡು ಟ್ರೇ ಜಾಸ್ತಿ ಇಳಿಸಿಕೊಳ್ಳಬೇಡಿ.

ಈ ಲೆಕ್ಕ ಹೊಸದಲ್ಲ. 1888ರಲ್ಲೇ ಎಜ್‌ವರ್ತ್ ಎಂಬ ಅರ್ಥಶಾಸ್ತ್ರಜ್ಞ, ಬ್ಯಾಂಕು ತನ್ನ ಬಳಿ ಎಷ್ಟು ನಗದು ಇಟ್ಟುಕೊಳ್ಳಬೇಕು ಅಂತ ಇದೇ ದಾರಿಯಲ್ಲಿ ಯೋಚಿಸಿದ್ದರು. ಈಗ ಇದನ್ನು ಪೇಪರ್ ಮಾರುವವನ ಲೆಕ್ಕ ಅನ್ನುತ್ತಾರೆ. ಬೆಳಿಗ್ಗೆ ಎಷ್ಟು ಪ್ರತಿ ತರಿಸಬೇಕು ಅಂತ ಅವನು ಮೊದಲೇ ಹೇಳಬೇಕು. ಸಂಜೆಗೆ ಮಿಕ್ಕದ್ದು ರದ್ದಿ.

ಲೆಕ್ಕ ಗೊತ್ತಿದ್ದರೂ ಜನ ಹಾಗೆ ಆರ್ಡರ್ ಹಾಕುತ್ತಾರಾ? 2000ದಲ್ಲಿ ಮಾರಿಸ್ ಶ್ವೈಟ್ಜರ್ ಮತ್ತು ಜೆರಾರ್ಡ್ ಕಶಾನ್ ಎಂಬ ಇಬ್ಬರು ಅಮೆರಿಕದ ಪ್ರಾಧ್ಯಾಪಕರು ಎಂಬಿಎ ವಿದ್ಯಾರ್ಥಿಗಳನ್ನು ಕೂರಿಸಿ ಇದನ್ನು ಪರೀಕ್ಷೆ ಮಾಡಿದರು. ಬೇಡಿಕೆ 1ರಿಂದ 300ರವರೆಗೆ, ಎಲ್ಲಕ್ಕೂ ಸಮ ಸಾಧ್ಯತೆ. ಇದನ್ನು ಮುಚ್ಚಿಡದೆ ಹೇಳಿದ್ದರು. ಮಾರುವ ಬೆಲೆ 12. ಒಂದು ಮಾಲಿಗೆ ಅಸಲು 3, ಇನ್ನೊಂದಕ್ಕೆ 9. ಲೆಕ್ಕದ ಪ್ರಕಾರ ಮೊದಲನೆಯದನ್ನು 225 ತರಿಸಬೇಕು, ಎರಡನೆಯದನ್ನು 75. ಅವರು ತರಿಸಿದ್ದು ಸರಾಸರಿ 175ರ ಆಸುಪಾಸು, 135ರ ಆಸುಪಾಸು. ಎರಡೂ ನಡುವಿನ 150ರ ಕಡೆಗೆ ಜಾರಿವೆ. ಲಾಭ ಜಾಸ್ತಿ ಇರುವ ಮಾಲನ್ನು ಕಡಿಮೆ ಇಟ್ಟರು. ಲಾಭ ಕಡಿಮೆ ಇರುವ ಮಾಲನ್ನು ಹೊರೆ ಹೊತ್ತರು.

ಇಲ್ಲಿ ಒಂದು ವಿಷಯ ಗಮನಿಸಿ. ನಷ್ಟದ ಭಯ ಇದಕ್ಕೆ ಕಾರಣ ಅಂತ ಯಾರಾದರೂ ಹೇಳಬಹುದು. ಭಯವೇ ಕಾರಣವಾಗಿದ್ದರೆ ಎರಡೂ ಮಾಲನ್ನು ಕಡಿಮೆ ತರಿಸಬೇಕಿತ್ತು, ಅಲ್ವಾ? ಎರಡನೆಯದನ್ನು ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು ತರಿಸಿದ್ದಾರೆ. ಹಾಗಾಗಿ ಬರೀ ಭಯ ಅಂದರೆ ಉತ್ತರ ಪೂರ್ತಿಯಾಗುವುದಿಲ್ಲ. ‘ಸಾಮಾನ್ಯವಾಗಿ ಎಷ್ಟು ಹೋಗುತ್ತದೆ’ ಅನ್ನುವ ಒಂದು ಸಂಖ್ಯೆ ಮೊದಲು ತಲೆಗೆ ಬರುತ್ತದೆ. ಅಲ್ಲಿಂದ ಸ್ವಲ್ಪ ಆಚೆ ಈಚೆ ಸರಿಯುತ್ತೇವೆ, ಸಾಕಷ್ಟು ಸರಿಯುವುದಿಲ್ಲ. ಮೊದಲು ಬಂದ ಸಂಖ್ಯೆಗೆ ಈ ಮಟ್ಟದ ಹಿಡಿತ ಇದೆ ಅಂತ 1974ರಲ್ಲೇ ಟ್ವರ್ಸ್ಕಿ ಮತ್ತು ಕಾನಮನ್ ಎಂಬ ಮನಶ್ಶಾಸ್ತ್ರಜ್ಞರು ತೋರಿಸಿದ್ದರು. ಒಂದು ಚಕ್ರ ತಿರುಗಿಸಿ, ಬಂದ ಅಂಕಿ ತೋರಿಸಿ, ವಿಶ್ವಸಂಸ್ಥೆಯಲ್ಲಿ ಆಫ್ರಿಕಾದ ದೇಶಗಳು ನೂರಕ್ಕೆ ಎಷ್ಟು ಅಂತ ಕೇಳಿದರು. ಚಕ್ರದಲ್ಲಿ 10 ಕಂಡವರ ನಡುವಿನ ಉತ್ತರ 25. 65 ಕಂಡವರದ್ದು 45. ಚಕ್ರಕ್ಕೂ ಪ್ರಶ್ನೆಗೂ ಏನೇನೂ ಸಂಬಂಧವಿಲ್ಲ.

ಅವರೆಲ್ಲ ವಿದ್ಯಾರ್ಥಿಗಳು, ವ್ಯಾಪಾರ ಮಾಡಿದವರಲ್ಲ ಅಂತ ನೀವು ಹೇಳಬಹುದು. 2012ರಲ್ಲಿ ಬೋಲ್ಟನ್, ಓಕನ್‌ಫೆಲ್ಸ್, ಟೋನ್‌ಮನ್ ಎಂಬವರು ಖರೀದಿಯ ಕೆಲಸವನ್ನೇ ಮಾಡುವ ಮ್ಯಾನೇಜರುಗಳನ್ನು ಇದೇ ಆಟಕ್ಕೆ ಕೂರಿಸಿದರು. ಅವರೂ ನಡುವಿನ ಕಡೆಗೇ ಜಾರಿದರು. ಇದು ಅನುಭವ ಇಲ್ಲದವರ ಕಾಯಿಲೆ ಅಂತ ತಳ್ಳಿಹಾಕುವಂತಿಲ್ಲ.

ಅನುಭವ ಯಾಕೆ ಕಲಿಸುವುದಿಲ್ಲ? ಇದಕ್ಕೆ ಉತ್ತರ ನಮ್ಮ ಅಂಗಡಿಯ ಕೌಂಟರಿನಲ್ಲೇ ಇದೆ. ಜುಲೈ ತಿಂಗಳ ಒಂದು ಶುಕ್ರವಾರ, ಮಡಿಕೇರಿ ಸಂತೆ ದಿನ ಅಂದುಕೊಳ್ಳಿ. ಮಳೆ ಹೊಡೆಯುತ್ತಿದೆ. ತೋಟದ ಕೆಲಸದ ಹೆಂಗಸೊಬ್ಬರು ಕೊಡೆ ಮಡಚಿ ಒಳಗೆ ಬರುತ್ತಾರೆ.

‘ಅಣ್ಣ, ಆರನೇ ನಂಬರ್ ಗಂಬೂಟ್ ಇದೆಯಾ?’

‘ಇಲ್ಲಕ್ಕ, ಆರು ಖಾಲಿ. ಎಂಟು ಇದೆ, ಕೊಡಲಾ?’

‘ಎಂಟು ನಂಗೆ ದೊಡ್ಡದಾಗ್ತದೆ.’

ಅವರು ಕೊಡೆ ಬಿಚ್ಚಿಕೊಂಡು ಹೋಗುತ್ತಾರೆ. ಅರ್ಧ ನಿಮಿಷದ ಮಾತು. 150 ರೂಪಾಯಿ ಹೋಯಿತು. ಅದು ಯಾವ ಬಿಲ್ಲಿನಲ್ಲೂ ಇಲ್ಲ, ಕಂಪ್ಯೂಟರಿನಲ್ಲೂ ಇಲ್ಲ, ರಾತ್ರಿ ಕ್ಯಾಶ್ ಎಣಿಸುವಾಗ ನೆನಪಿನಲ್ಲೂ ಇಲ್ಲ. ಇನ್ನೊಂದು ಕಡೆ, ಅಟ್ಟದ ಮೇಲೆ ಎಂಟನೇ ನಂಬರಿನ ಹದಿನೈದು ಜೊತೆ ಕೂತಿದೆ. ಅದನ್ನು ನೀವು ದಿನಾ ನೋಡುತ್ತೀರಿ. ಸೆಪ್ಟೆಂಬರಿನಲ್ಲಿ ಧೂಳು ಹೊಡೆಯುತ್ತೀರಿ. ಮಾರ್ಚಿನಲ್ಲಿ ಸ್ಟಾಕ್ ಬರೆಯುವಾಗ ಮತ್ತೆ ಎಣಿಸುತ್ತೀರಿ. ಮನೆಯವರೂ ಕೇಳುತ್ತಾರೆ, ಯಾಕೆ ಇಷ್ಟೊಂದು ತರಿಸಿದ್ರಿ ಅಂತ. ಮುಂದಿನ ಮೇ ತಿಂಗಳಲ್ಲಿ ಆರ್ಡರ್ ಹಾಕಲು ಕೂತಾಗ ತಲೆಯಲ್ಲಿ ಇರುವುದು ಆ ಹದಿನೈದು ಜೊತೆ. ವಾಪಸ್ ಹೋದ ಅಕ್ಕ ಇರುವುದಿಲ್ಲ. ‘ಈ ಸಲ ಗಂಬೂಟೇ ಕಡಿಮೆ ಮಾಡೋಣ’ ಅನ್ನುತ್ತೀರಿ. ಆರನೇ ನಂಬರೂ ಅದರ ಜೊತೆ ಕಡಿಮೆಯಾಗುತ್ತದೆ.

ಬಿಲ್ಲಿಂಗ್ ಸಾಫ್ಟ್‌ವೇರ್ ಇದೆ, ಹೋದ ವರ್ಷ ಎಷ್ಟು ಹೋಯಿತು ಅಂತ ಅದೇ ಹೇಳುತ್ತದೆ ಅಂತ ಹುಡುಗರು ಹೇಳುತ್ತಾರೆ. ಸಾಫ್ಟ್‌ವೇರ್ ಹೇಳುವುದು ಮಾರಿದ ಲೆಕ್ಕ. ಕೇಳಿದವರ ಲೆಕ್ಕ ಅದಕ್ಕೆ ಗೊತ್ತಿಲ್ಲ. ‘ಇಲ್ಲ’ ಅಂದದ್ದನ್ನು ನಾವೇ ಬರೆದಿಡಬೇಕು. ನೀವು 40 ಜೊತೆ ತರಿಸಿ ಜುಲೈ ಮೊದಲ ವಾರವೇ ಖಾಲಿಯಾದರೆ, ಅದು 40 ಅನ್ನುತ್ತದೆ. ಇನ್ನೂ 40 ಹೋಗುತ್ತಿತ್ತೋ ಏನೋ. ಮುಂದಿನ ವರ್ಷವೂ 40 ತರಿಸುತ್ತೀರಿ, ಮತ್ತೆ ಖಾಲಿ, ಮತ್ತೆ 40. ‘ನನ್ನ ಅಂದಾಜು ಪಕ್ಕಾ, ಒಂದೂ ಮಿಗಲಿಲ್ಲ’ ಅಂತ ಖುಷಿಪಡುವ ಅಂಗಡಿಯವರನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ. ಒಳ್ಳೆ ಮಾರ್ಜಿನ್ ಇರುವ, ಕೆಡದ ಮಾಲು ವರ್ಷ ವರ್ಷವೂ ಒಂದೂ ಮಿಗದಿದ್ದರೆ ನೀವು ಕಡಿಮೆ ತರಿಸಿದ್ದೀರಿ ಅಂತಲೇ ಅರ್ಥ. ಸ್ವಲ್ಪ ಮಿಗಬೇಕು. ಹೆಚ್ಚಿನ ವರ್ಷ ಮಿಗಬೇಕು.

ಹೋದ ವರ್ಷದ ಹಿಂದೆ ಓಡುವುದು ಇನ್ನೊಂದು ಚಾಳಿ. 2023ರಲ್ಲಿ ಜೂನ್ ಪೂರ್ತಿ ಮಳೆ ಕೈಕೊಟ್ಟಿತು. 2024ರ ಜುಲೈನಲ್ಲಿ ಬಿಡದೆ ಸುರಿಯಿತು. 2023ರ ಮಿಕ್ಕ ಮಾಲು ನೋಡಿ 2024ಕ್ಕೆ ಆರ್ಡರ್ ಹಾಕಿದವರು ಎಲ್ಲಿ ನಿಂತಿರುತ್ತಾರೆ ಅಂತ ಹೇಳಬೇಕಿಲ್ಲ. ಶ್ವೈಟ್ಜರ್ ಅವರ ಪರೀಕ್ಷೆಯಲ್ಲೂ ಒಂದು ಸುತ್ತಿಗೂ ಇನ್ನೊಂದಕ್ಕೂ ನಂಟಿಲ್ಲ ಅಂತ ಗೊತ್ತಿದ್ದೂ ಜನ ಹಿಂದಿನ ಸುತ್ತಿನ ಬೇಡಿಕೆಯ ಕಡೆಗೆ ಆರ್ಡರ್ ಸರಿಸುತ್ತಿದ್ದರು. 2008ರಲ್ಲಿ ಬೋಲ್ಟನ್ ಮತ್ತು ಕಾಟೋಕ್ ಎಂಬ ಸಂಶೋಧಕರು ಇದಕ್ಕೊಂದು ಸರಳ ಉಪಾಯ ಪರೀಕ್ಷಿಸಿದರು. ಪ್ರತಿ ಸುತ್ತಿಗೂ ಆರ್ಡರ್ ಬದಲಿಸುವ ಹಾಗಿಲ್ಲ, ಒಮ್ಮೆ ಹೇಳಿದರೆ ಹತ್ತು ಸುತ್ತು ಅದೇ. ಆಗ ಜನರ ಆರ್ಡರ್ ಸುಧಾರಿಸಿತು. ಬೇಕರಿಯವರು ಇದನ್ನು ನಾಳೆಯಿಂದಲೇ ಮಾಡಬಹುದು. ಶನಿವಾರದ ಪಫ್ಸ್ ಎಷ್ಟು ಅಂತ ಒಂದು ಸಂಖ್ಯೆ ಹಾಕಿ, ಕೆಲವು ಶನಿವಾರ ಅದನ್ನು ಮುಟ್ಟಬೇಡಿ. ಆಮೇಲೆ ಒಟ್ಟಿಗೆ ಕೂತು ನೋಡಿ.

ಇಷ್ಟು ಹೊತ್ತು ಬೇಡಿಕೆ ಮಾತ್ರ ಅಲುಗಾಡುತ್ತದೆ, ಮಾಲು ಕೇಳಿದಷ್ಟು ಬರುತ್ತದೆ ಅಂತ ಅಂದುಕೊಂಡಿದ್ದೆವು. ಕೊಡಗಿನಲ್ಲಿ ಹಾಗಿಲ್ಲ. ಪೂರೈಕೆಯೂ ಅಲುಗಾಡಿದಾಗ ತಪ್ಪುಗಳ ಬಣ್ಣ ಬದಲಾಗುತ್ತದೆ.

ಕಾಫಿ ಹೂ ಅರಳಿಸುವ ಬೇಸಿಗೆಯ ಹೂಮಳೆ ಬಿದ್ದ ಮೇಲೆ ಗಿಡಕ್ಕೆ ಗೊಬ್ಬರ ಕೊಡುವ ಸಮಯ ನೆನೆಸಿಕೊಳ್ಳಿ. ಪೊಟ್ಯಾಷ್ ಅಭಾವ ಅಂತ ಸುದ್ದಿ. ಅಂಗಡಿಯವರು 100 ಚೀಲ ಕೇಳಿದರು, 50 ಬಂತು. ಮುಂದಿನ ಸಲ 200 ಕೇಳಿದರು. 200 ಕೇಳಿದರೆ 100 ಆದರೂ ಬರುತ್ತದೆ ಅಂತ. ಆ ಕಡೆ ಬೆಳೆಗಾರರೂ ಗೋಣಿಕೊಪ್ಪದಲ್ಲಿ ಒಂದು ಅಂಗಡಿಗೆ, ಪೊನ್ನಂಪೇಟೆಯಲ್ಲಿ ಇನ್ನೊಂದಕ್ಕೆ, ವಿರಾಜಪೇಟೆಯಲ್ಲಿ ಮತ್ತೊಂದಕ್ಕೆ ಹೇಳಿಟ್ಟರು. ಬೇಕಾದದ್ದು ಹತ್ತು ಚೀಲ, ಮೂರು ಅಂಗಡಿಯ ಪುಸ್ತಕದಲ್ಲಿ ಮೂವತ್ತು. ಮೇಲಿನ ಡೀಲರ್ ಇದನ್ನೆಲ್ಲ ನಿಜವಾದ ಬೇಡಿಕೆ ಅಂದುಕೊಂಡು ಕಂಪನಿಗೆ ಹೇಳುತ್ತಾರೆ. ಕೊನೆಗೆ ಜೂನ್ ಮಧ್ಯದಲ್ಲಿ ಲಾರಿ ಮೇಲೆ ಲಾರಿ ಬಂದು ನಿಲ್ಲುತ್ತದೆ. ಆಗ ಮಳೆ. ಗೊಬ್ಬರ ಹಾಕುವ ಹಾಗಿಲ್ಲ. ಹೇಳಿಟ್ಟವರು ಫೋನ್ ಎತ್ತುವುದಿಲ್ಲ.

ಇದು ದೊಡ್ಡವರನ್ನೂ ಬಿಟ್ಟಿಲ್ಲ. ಕಂಪ್ಯೂಟರ್ ನೆಟ್‌ವರ್ಕ್ ಸಲಕರಣೆ ಮಾಡುವ ಸಿಸ್ಕೊ ಕಂಪನಿ 2001ರಲ್ಲಿ ಸುಮಾರು 220 ಕೋಟಿ ಡಾಲರ್ ಬೆಲೆಯ ದಾಸ್ತಾನನ್ನು ನಷ್ಟ ಅಂತ ಬರೆದುಕೊಂಡಿತು. ಅಭಾವದ ದಿನಗಳಲ್ಲಿ ಗಿರಾಕಿಗಳು ಎರಡೆರಡು ಕಡೆ ಹಾಕಿದ್ದ ಆರ್ಡರುಗಳು ಅದರ ಕಾರಣಗಳಲ್ಲಿ ಒಂದು.

ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಬಿಯರ್ ಗೇಮ್ ಅಂತ ಒಂದು ಆಟ ಆಡಿಸುತ್ತಾರೆ. ಚಿಲ್ಲರೆ ಅಂಗಡಿ, ಹೋಲ್‌ಸೇಲ್, ವಿತರಕ, ಕಾರ್ಖಾನೆ ಅಂತ ನಾಲ್ಕು ಜನ ಸಾಲಾಗಿ ಕೂರುತ್ತಾರೆ. ಗಿರಾಕಿ ಮೊದಲ ನಾಲ್ಕು ವಾರ 4 ಪೆಟ್ಟಿಗೆ ಕೇಳುತ್ತಾನೆ, ಐದನೇ ವಾರದಿಂದ 8. ಅಷ್ಟೇ, ಕೊನೆಯವರೆಗೂ 8. ಇಷ್ಟು ಚಿಕ್ಕ ಬದಲಾವಣೆಗೆ ಮೇಲಿನವರ ಆರ್ಡರ್ ಬೆಟ್ಟದಷ್ಟು ಏರಿ ಆಮೇಲೆ ಸೊನ್ನೆಗೆ ಇಳಿಯುತ್ತದೆ. 1989ರಲ್ಲಿ ಅಲ್ಲಿನ ಪ್ರಾಧ್ಯಾಪಕ ಜಾನ್ ಸ್ಟರ್ಮನ್ ಇದರ ಲೆಕ್ಕ ಪ್ರಕಟಿಸಿದರು. ಆಗಬೇಕಿದ್ದ ಖರ್ಚಿನ ಸುಮಾರು ಹತ್ತು ಪಟ್ಟು ಖರ್ಚನ್ನು ತಂಡಗಳು ಮಾಡಿಕೊಂಡಿದ್ದವು. ಆಟ ಮುಗಿದ ಮೇಲೆ ಗಿರಾಕಿಯ ಬೇಡಿಕೆ ಹೇಗಿತ್ತು ಅಂತ ಚಿತ್ರ ಬರೆಯಲು ಹೇಳಿದರೆ, ಹೆಚ್ಚಿನವರು ಏರುವ ಇಳಿಯುವ ಗೆರೆ ಬರೆಯುತ್ತಾರೆ. ಏರಿಳಿತ ಮಾಡಿದವರು ತಾವೇ ಅಂತ ಅವರಿಗೆ ಹೊಳೆಯುವುದೇ ಇಲ್ಲ.

ಸ್ಟರ್ಮನ್ ಹಿಡಿದ ಕಾರಣ ಒಂದೇ ಮಾತಿನದು. ಆರ್ಡರ್ ಹಾಕಿ ಇನ್ನೂ ಬಾರದ ಮಾಲನ್ನು ಜನ ಮರೆಯುತ್ತಾರೆ. ಕಪಾಟು ಖಾಲಿ ಕಂಡ ತಕ್ಷಣ ಮತ್ತೆ ಫೋನ್ ಮಾಡುತ್ತಾರೆ. ಹೋದ ವಾರ ಹೇಳಿದ್ದು ಪಿರಿಯಾಪಟ್ಟಣ ದಾಟಿ ದಾರಿಯಲ್ಲಿದೆ ಅನ್ನುವುದು ತಲೆಯಲ್ಲಿರುವುದಿಲ್ಲ. ಇಲ್ಲೂ ಅದೇ ನೋಡಿ, ಕಾಣುವುದಕ್ಕೆ ಬೆಲೆ, ಕಾಣದ್ದಕ್ಕೆ ಬೆಲೆಯಿಲ್ಲ. ಆರ್ಡರ್ ಪುಸ್ತಕದಲ್ಲಿ ‘ಅಂಗಡಿಯಲ್ಲಿ ಇರುವುದು’ ಪಕ್ಕದಲ್ಲೇ ‘ಬರಬೇಕಾದದ್ದು’ ಅಂತ ಇನ್ನೊಂದು ಸಾಲು ಎಳೆಯಿರಿ. ಎರಡನ್ನೂ ಕೂಡಿಸದೆ ಫೋನ್ ಎತ್ತಬೇಡಿ.

ಇನ್ನು ರಸ್ತೆ ಮುಚ್ಚುವ ವಿಚಾರ. ಇದರ ಬಗ್ಗೆ ನನಗೆ ಸ್ವಲ್ಪ ಹೆಚ್ಚು ಹೇಳಬೇಕಿದೆ, ಯಾಕೆಂದರೆ ಹೊರಗಿನ ಪುಸ್ತಕಗಳಲ್ಲಿ ನಮ್ಮ ಊರಿನ ಸ್ಥಿತಿ ಹೀಗೆ ಸಿಗುವುದಿಲ್ಲ.

2018ರ ಆಗಸ್ಟ್ ಯಾರೂ ಮರೆತಿಲ್ಲ. ಮದೆನಾಡು, ಜೋಡುಪಾಲ ಕಡೆ ಗುಡ್ಡ ಕುಸಿದು ಮಂಗಳೂರು ರಸ್ತೆ ಕಡಿದುಹೋಯಿತು. ಜನ ಪ್ರಾಣ ಕಳೆದುಕೊಂಡರು, ಮನೆ ತೋಟ ಕಳೆದುಕೊಂಡರು. ವ್ಯಾಪಾರದ ಮಾತು ಅದರ ಮುಂದೆ ಸಣ್ಣದು. ಆದರೂ ಅಂಗಡಿಯವರ ಮನಸ್ಸಿನ ಮೇಲೆ ಆ ತಿಂಗಳು ಬಿಟ್ಟುಹೋದ ಗುರುತು ದೊಡ್ಡದು. ಜುಲೈ ಬಂದರೆ ಎಲ್ಲವನ್ನೂ ತುಂಬಿಸಿಡೋಣ ಅನ್ನುವ ಆತುರ ಅಲ್ಲಿಂದ ಬಂದದ್ದು. ಕೆಲವು ವರ್ಷ ಏನೂ ಆಗದಿದ್ದರೆ ಅದೇ ಮನಸ್ಸು ‘ಇನ್ನೇನೂ ಆಗಲ್ಲ’ ಅನ್ನುತ್ತದೆ. ಎರಡೂ ನೆನಪಿನ ಆಟ. ಹತ್ತಿರದ್ದು ದೊಡ್ಡದಾಗಿ ಕಾಣುತ್ತದೆ, ದೂರದ್ದು ಮಸುಕಾಗುತ್ತದೆ.

ಈ ‘ಎಲ್ಲವನ್ನೂ’ ಅನ್ನುವಲ್ಲೇ ತಪ್ಪಿದೆ. ರಸ್ತೆ ಮುಚ್ಚಿದಾಗ ಮಾಲು ಬರುವುದಿಲ್ಲ, ನಿಜ. ಪ್ರವಾಸಿಗರೂ ಬರುವುದಿಲ್ಲವಲ್ಲ! ಹೋಂಮೇಡ್ ಚಾಕಲೇಟ್, ಮಸಾಲೆ ಪ್ಯಾಕೆಟ್, ಹೋಂಸ್ಟೇಗೆ ಬೇಕಾದ ಕೋಳಿ ಮಾಂಸ, ಇವುಗಳ ಪೂರೈಕೆ ನಿಂತ ದಿನವೇ ಬೇಡಿಕೆಯೂ ನಿಲ್ಲುತ್ತದೆ. ಅದನ್ನು ತುಂಬಿಸಿಟ್ಟವರಿಗೆ ಎರಡು ಪಟ್ಟು ಪೆಟ್ಟು. ಅಕ್ಕಿ, ಹಾಲಿನ ಪುಡಿ, ಮೇಣದಬತ್ತಿ, ಬಿಪಿ ಸಕ್ಕರೆ ಕಾಯಿಲೆಯ ಮಾತ್ರೆ, ಟಾರ್ಪಲ್ ಇವುಗಳದ್ದು ತಿರುಗುಮುರುಗು. ರಸ್ತೆ ಮುಚ್ಚಿದಾಗಲೇ ಬೇಡಿಕೆ ಏರುತ್ತದೆ. ಇವು ಅಂಗಡಿಯಲ್ಲಿ ಇಲ್ಲದಿದ್ದರೆ ಊರಿಗೇ ತೊಂದರೆ. ಜುಲೈಗೆ ಮುಂಚೆ ನಿಮ್ಮ ಮಾಲನ್ನು ಈ ಎರಡು ಗುಂಪು ಮಾಡಿ. ಇಷ್ಟು ಮಾಡಿದರೂ ದೊಡ್ಡ ಉಪಕಾರ.

ಮುಚ್ಚುವ ರೀತಿಯಲ್ಲೂ ವ್ಯತ್ಯಾಸವಿದೆ. ಮರ ಬಿದ್ದು ಅರ್ಧ ದಿನ ನಿಲ್ಲುವುದು ಪ್ರತಿ ಮಳೆಗಾಲದ ಪಾಡು. ಗುಡ್ಡ ಕುಸಿದು ವಾರಗಟ್ಟಲೆ ನಿಲ್ಲುವುದು ಅಪರೂಪ. 2006ರಲ್ಲಿ ಬ್ರಯನ್ ಟಾಮ್ಲಿನ್ ಎಂಬ ಸಂಶೋಧಕ ಇದನ್ನೇ ಲೆಕ್ಕ ಮಾಡಿ ತೋರಿಸಿದರು. ಮೇಲಿಂದ ಮೇಲೆ ಬರುವ ಸಣ್ಣ ಅಡಚಣೆಗೆ ಹೆಚ್ಚು ದಾಸ್ತಾನು ಇಡುವುದು ಸರಿ. ಅಪರೂಪಕ್ಕೆ ಬಂದು ಬಹಳ ದಿನ ನಿಲ್ಲುವ ಅಡಚಣೆಗೆ ದಾಸ್ತಾನು ದುಬಾರಿ ಬೀಳುತ್ತದೆ, ಇನ್ನೊಬ್ಬ ಪೂರೈಕೆದಾರ ಇರುವುದೇ ಮೇಲು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಮರ ಬೀಳುವುದಕ್ಕೆ ಎರಡು ದಿನದ ಸ್ಟಾಕ್ ಇಡಿ. ಸಂಪಾಜೆ ಮುಚ್ಚುವುದಕ್ಕೆ ಮೈಸೂರಿನಲ್ಲಿ ಒಬ್ಬ ಹೋಲ್‌ಸೇಲ್‌ನವರ ಪರಿಚಯ ಇಟ್ಟುಕೊಳ್ಳಿ. ಬೇಸಿಗೆಯಲ್ಲೂ ಅವರಿಂದ ಒಂದಿಷ್ಟು ಮಾಲು ತರಿಸುತ್ತಿರಿ, ಆಗಸ್ಟಿನಲ್ಲಿ ಮೊದಲ ಸಲ ಫೋನ್ ಮಾಡಿದರೆ ಯಾರೂ ಕೊಡುವುದಿಲ್ಲ. ನಮ್ಮಲ್ಲಿ ಜನ ಮಾಡುವುದು ಇದರ ಉಲ್ಟಾ. ಪರಿಚಯದವರೊಬ್ಬರೇ ಸಾಕು ಅಂತ ಗೋಡೌನ್ ತುಂಬಿಸುತ್ತಾರೆ.

ಮಾತು ಮುಗಿದ ಮೇಲೆ ಒಬ್ಬರು ಎದ್ದು, ಕಾಫಿ ಮೂಟೆ ಇಟ್ಟುಕೊಳ್ಳೋದಾ ಮಾರೋದಾ ಅಂತ ಕೇಳಿದರು. ಅದು ದರದ ಮೇಲಿನ ಪಣ, ಬೇರೆಯೇ ವಿಷಯ. ಅದಕ್ಕೆ ಇಲ್ಲಿ ಉತ್ತರ ಕೊಟ್ಟರೆ ತಪ್ಪಾಗುತ್ತದೆ.

ಇನ್ನೊಬ್ಬರ ಪ್ರಶ್ನೆ ವಿಷಯಕ್ಕೆ ನೇರವಾಗಿತ್ತು. ‘ಇಲ್ಲ ಅಂದದ್ದನ್ನ ಬರೀರಿ ಅಂತೀರಿ. ಗಲಾಟೆಯಲ್ಲಿ ಹುಡುಗರು ಬರೀತಾರಾ?’ ಎಲ್ಲ ಮಾಲಿಗೂ ಬರೆಯಲು ಹೇಳಿದರೆ ಖಂಡಿತ ಬರೆಯುವುದಿಲ್ಲ. ಹತ್ತು ಮಾಲು ಆರಿಸಿ. ಮಾರ್ಜಿನ್ ಚೆನ್ನಾಗಿರುವ, ಬೇಗ ಕೆಡದ ಹತ್ತು. ಒಂದು ರಟ್ಟಿನ ಮೇಲೆ ಹೆಸರು, ಸೈಜು ಬರೆದು ಕ್ಯಾಶ್ ಪಕ್ಕದಲ್ಲಿ ನೇತುಹಾಕಿ, ಪೆನ್ನನ್ನು ದಾರದಲ್ಲಿ ಕಟ್ಟಿ. ‘ಇಲ್ಲ’ ಅಂದಾಗ ಒಂದು ಗೀಟು. ಬೇರೆ ಏನೂ ಬರೆಯಬೇಕಿಲ್ಲ.

ಅದರಲ್ಲಿ ಒಂದು ಎಚ್ಚರ ಬೇಕು. ಆರನೇ ನಂಬರ್ ಕೇಳಿದ ಅಕ್ಕ ಪಕ್ಕದ ಅಂಗಡಿಯಲ್ಲೂ ಕೇಳುತ್ತಾರೆ, ಅದರ ಪಕ್ಕದಲ್ಲೂ. ಮೂರು ಅಂಗಡಿಯ ರಟ್ಟಿನಲ್ಲಿ ಮೂರು ಗೀಟು ಬೀಳುತ್ತದೆ, ಕಾಲು ಒಂದೇ ಜೊತೆ. ಹಾಗಾಗಿ ಗೀಟು ಎಣಿಸಿ ಅಷ್ಟನ್ನೇ ಆರ್ಡರ್ ಹಾಕಬೇಡಿ. ‘ಬಂದಾಗ ಹೇಳಲಾ ಅಕ್ಕ?’ ಅಂತ ಕೇಳಿ. ನಂಬರ್ ಕೊಟ್ಟರೆ ಗೀಟಿಗೆ ಸುತ್ತು ಹಾಕಿ. ಸುತ್ತು ಹಾಕಿದ್ದು ಪೂರ್ತಿ ಲೆಕ್ಕಕ್ಕೆ, ಉಳಿದದ್ದು ಮೂರರಲ್ಲಿ ಒಂದು ಪಾಲು ಅಂತ ಈ ಮಳೆಗಾಲಕ್ಕೆ ಇಟ್ಟುಕೊಳ್ಳಿ. ಅದು ನಿಮ್ಮ ಪೇಟೆಗೆ ಸರಿಹೊಂದಿತಾ ಅಂತ ಮಾರ್ಚಿನಲ್ಲಿ ಸ್ಟಾಕ್ ಬರೆಯುವಾಗ ಗೊತ್ತಾಗುತ್ತದೆ.